ಮರಿಗೆ ಹೇಳಿದ ಮಾತು

ನಾಯಿಮರಿಗೆ ನಾನು ಮೊದಲು ಕಲಿಸಿದ ಮಾತು ‘ಕುಂದ್ರು’. ಎರಡನೆಯದು ‘ನಿಂದ್ರು’. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವಾಗ ನನ್ನ ಬಾಯಲ್ಲಿರುವುದು ಪುಸ್ತಕದ ಭಾಷೆ. ಮರಿಯ ಎದುರು ನೆಲದ ಮೇಲೆ ಕೂತಾಗ ಮಾತ್ರ, ಯೋಚಿಸದೆಯೇ, ನಮ್ಮ ಮನೆಯ ಮಾತು ಬಂತು. ಫೋನಿನಲ್ಲಿ ನಾನು ನೋಡಿದ ಪಾಠಗಳು ಒಂದೇ ಸೂಚನೆ ಕೊಡುತ್ತಿದ್ದವು: ಒಂದು ಕೆಲಸಕ್ಕೆ ಒಂದೇ ಮಾತು, ಪ್ರತಿ ಸಲವೂ ಅದೇ ದನಿ, ಹೇಳುವುದು ಒಂದೇ ಸಲ. ಅದು ನನಗೆ ಒಪ್ಪುವ ಕ್ರಮ. ದನಿ ಏರಿಸುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ.

ಆಗ ನಾನು ಬೀದರಿನ ಮೈಲೂರಿನಲ್ಲಿದ್ದೆ. ಒಂದು ಹಳೆಯ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆಚೆ ಮನೆಯೊಡತಿ ಮತ್ತು ಆಕೆಯ ಅತ್ತೆ, ಈಚೆ ಬಾಡಿಗೆಗೆ ನಾನು. ತೂತು ತೂತಾದ ಕೆಂಪು ಕಲ್ಲಿನ ಆ ಗೋಡೆ ಮೇಲಿನ ತಗಡಿನವರೆಗೆ ಹೋಗಿರಲಿಲ್ಲ. ಒಂದು ಗೇಣಿನಷ್ಟು ಸಂದು ಉಳಿದಿತ್ತು. ಅತ್ತಲಿಂದ ಒಗ್ಗರಣೆಯ ವಾಸನೆ, ವಿಭೂತಿಯ ವಾಸನೆ, ತಾಟಿನ ಸದ್ದು ಬರುತ್ತಿದ್ದವು. ಇತ್ತಲಿಂದ ಏನು ಹೋಗುತ್ತಿತ್ತು ಎಂದು ನಾನು ಯೋಚಿಸಿರಲಿಲ್ಲ. ನಾನು ಸದ್ದು ಮಾಡುವವಳಲ್ಲ.

ಮನೆಯೊಡತಿಯ ಗಂಡ ತೀರಿಹೋಗಿದ್ದರು. ಆಕೆ ಓಣಿಯ ತುದಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಚಿಕ್ಕಮ್ಮನನ್ನು ಕರೆಯುವ ಹಾಗೆ ನಾನು ಅವರನ್ನು ಕಾಕು ಎನ್ನುತ್ತಿದ್ದೆ. ಗಿರಾಕಿಗಳ ಜೊತೆ ಕೂಗಿ ಕೂಗಿ ಅವರ ಗಂಟಲು ಒಡೆದಿತ್ತು. ಆದರೂ ಯಾರ ದನಿ ಬೇಕಾದರೂ ತೆಗೆಯುತ್ತಿದ್ದರು. ದಖನಿ ಉರ್ದುವಿನಲ್ಲಿ ಕೂಗುತ್ತ ಬರುವ ಸೊಪ್ಪಿನವನ ದನಿಯನ್ನು ಎಷ್ಟು ಸರಿಯಾಗಿ ತೆಗೆಯುತ್ತಿದ್ದರೆಂದರೆ, ಎದುರು ಮನೆಯವರು ಬುಟ್ಟಿ ಹಿಡಿದು ಹೊರಗೆ ಬಂದದ್ದೂ ಉಂಟು. ನನ್ನದನ್ನೂ ಬಿಟ್ಟಿರಲಿಲ್ಲ. “ಹೌದ್ರಿ… ಆಗಲ್ರಿ…” ಎಂದು ಸಣ್ಣ ದನಿಯಲ್ಲಿ ನನ್ನ ಹಾಗೆಯೇ ಅಂದು, “ಮೇಡಂ ಮಾತಾಡಿದ್ರ ಹಾಲಿಗಿ ಕೆನಿ ಬಂದಂಗ್ರಿ, ಸಪ್ಪಳನ ಇರಂಗಿಲ್ಲ” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಮರಿಯನ್ನು ಕೊಟ್ಟವರು ನನ್ನ ಸೋದರಮಾವ. ಭಾಲ್ಕಿ ತಾಲೂಕಿನ ಮೆಹಕರದ ಕಡೆ ಅವರದು ಕುರಿ ದೊಡ್ಡಿ. ಒಬ್ಬಳೇ ಇರುತ್ತಿ, ಬಾಗಿಲಲ್ಲಿ ಒಂದು ಜೀವ ಇರಲಿ ಎಂದು ಆಗಷ್ಟೇ ಹಾಲು ಬಿಟ್ಟ ಕಂದು ಮರಿಯನ್ನು ನನ್ನ ಮಡಿಲಿಗೆ ಹಾಕಿದರು. ಹೊರಡುವಾಗ ಒಂದು ಮಾತು ಹೇಳಿದರು.

“ಮಾತ ಕಲಿಸಬ್ಯಾಡ ತಂಗಿ. ಕೈ ತೋರ್ಸು, ನಾಲಿಗಿ ಬಡಿ. ಅಷ್ಟ ಸಾಕು.”

“ಯಾಕ ಮಾಮಾ?”

“ನೀ ನಾಯಿಗಿ ಅಂತಿ. ಕೇಳವರು ಯಾರ್ಯಾರೋ.”

ನಮ್ಮ ತಾಯಿಯ ಕಡೆಯವರೆಲ್ಲ ನಾಯಿಗಳನ್ನು ಹಾಗೆಯೇ ಸಾಕುತ್ತಾರೆ. ಕಾರಣ ನನಗೆ ಚಿಕ್ಕಂದಿನಿಂದ ಗೊತ್ತು. ಮಾವನ ಅಜ್ಜನ ಕಾಲದಲ್ಲಿ, ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ಕುರಿ ತರುಬಿ ದೊಡ್ಡಿ ಹಾಕಿದ್ದಾಗ, ಒಬ್ಬ ದಾರಿಹೋಕ ಸಂಜೆ ಸಂಜೆ ಬಂದು ಬೆಂಕಿ ಕಾಯಿಸಿಕೊಂಡು ರೊಟ್ಟಿ ತಿಂದು ಹೋಗುತ್ತಿದ್ದನಂತೆ. ಆಮೇಲೊಂದು ಬೆಳಿಗ್ಗೆ ಎದ್ದು ನೋಡಿದರೆ ಅರ್ಧ ದೊಡ್ಡಿ ಖಾಲಿ. ನಾಯಿಗಳನ್ನು ಕಟ್ಟಿರಲಿಲ್ಲ, ಹೊಡೆದಿರಲಿಲ್ಲ. ಎಲ್ಲವೂ ಸಾಲಾಗಿ, ಕಣ್ಣು ತೆರೆದು, ಕೂತಿದ್ದವು. ಅಜ್ಜ ಬಂದು ಬಿಡಿಸುವ ಮಾತು ಹೇಳಿದ ಮೇಲೆಯೇ ಎದ್ದು ಬಾಲ ಅಲ್ಲಾಡಿಸಿದವಂತೆ. ಅಂದಿನಿಂದ ನಮ್ಮವರು ನಾಯಿಗೆ ಮಾತು ಕಲಿಸುವುದಿಲ್ಲ. ಕೂರಿಸಬೇಕಾದರೆ ಹೆಗಲ ಮೇಲಿನ ಕಂಬಳಿಯನ್ನು ನೆಲಕ್ಕೆ ಹಾಸುತ್ತಾರೆ. ನಾಯಿ ಅದರ ಮೇಲೆ ಕೂರುತ್ತದೆ. ಹಾಸಿದವರೇ ಬಂದು ಎತ್ತಬೇಕು. ಬೇರೆಯವರು ಎತ್ತಿದರೆ ಅದು ಕದಲುವುದಿಲ್ಲ, ಬರಿ ನೆಲದ ಮೇಲೆಯೇ ಕೂತಿರುತ್ತದೆ.

ನನ್ನ ಬಳಿ ಕುರಿ ಇರಲಿಲ್ಲ. ಮೈಲೂರಿನಲ್ಲಿ ನನ್ನ ಮಾತನ್ನು ಕದಿಯುವವರು ಯಾರು ಎಂದುಕೊಂಡು ಮಾತನ್ನೇ ಕಲಿಸಿದೆ.

ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಒಂದಿಷ್ಟು ಹೊತ್ತು, ಸಂಜೆ ಬಂದ ಮೇಲೆ ಒಂದಿಷ್ಟು ಹೊತ್ತು. ತಿನ್ನಿಸಲು ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿಯ ಚೂರು. ಮೊಟ್ಟೆ ಕೊಡಬಹುದಿತ್ತು, ಆದರೆ ಕಾಕು ಮೊದಲೇ ಹೇಳಿದ್ದರು: “ಏನರ ತಿನಸ್ರಿ ಮೇಡಂ, ಈ ಹೊಸ್ತಲದಾಗ ತತ್ತಿ ಮಾತ್ರ ಬ್ಯಾಡ್ರಿ. ನಾಯೀನೂ ನಮ್ಮ ಮನ್ಯಾಗ ಲಿಂಗಾಯ್ತನ ಆಗಿ ಇರ್ಲಿ.” ಚೂರನ್ನು ಮರಿಯ ಮೂಗಿನ ಮೇಲಿಂದ ಹಿಂದಕ್ಕೆ ಒಯ್ದರೆ ಅದು ತಲೆ ಎತ್ತಿ, ತಾನಾಗಿ ಹಿಂಭಾಗ ಊರುತ್ತಿತ್ತು. ಆ ಕ್ಷಣಕ್ಕೆ ಸರಿಯಾಗಿ ‘ಕುಂದ್ರು’. ಊಟದ ಬಟ್ಟಲಿನ ಮುಂದೆ ‘ನಿಂದ್ರು’, ತಾಳ್ಮೆಯಿಂದ ಕಾದರೆ ‘ಉಣ್ಣು’. ದೂರ ಹೋದರೆ ‘ಬಾ’. ಪ್ರತಿಯೊಂದರ ಕೊನೆಗೆ, ಇನ್ನು ನೀನು ಸ್ವತಂತ್ರ ಎನ್ನುವುದಕ್ಕೆ, ‘ಸಾಕು’.

ಹೆಸರಿಟ್ಟಿರಲಿಲ್ಲ. ನಮ್ಮ ದೊಡ್ಡಿಯಲ್ಲಿ ಮರಿ ಒಂದು ಮಳೆಗಾಲ ದಾಟುವವರೆಗೆ ಹೆಸರಿಡುವುದಿಲ್ಲ.

“ಹೆಸರಿಲ್ದ ಹಾಜರಿ ಹ್ಯಾಂಗ ತಗೋತೀರಿ ಮೇಡಂ?” ಎಂದು ಕಾಕು ಕೇಳಿದರು.

“ಒಂದ ಅದಲ್ರಿ ಕಾಕು. ಬಂದ್ರ ಬಂತು.”

“ಈ ವರ್ಷ ಡಿಗ್ರಿ ಮುಗಿಸ್ತದೇನು?”

ಮರಿ ಬೇಗ ಕಲಿಯಿತು. ಒಂದೇ ಒಂದು ವಿಚಿತ್ರ ಅಭ್ಯಾಸ ಬೆಳೆಸಿಕೊಂಡಿತು. ‘ಕುಂದ್ರು’ ಎಂದರೆ ನನ್ನ ಕಡೆ ಮುಖ ಮಾಡಿ ಕೂತು, ಆಮೇಲೆ ತಲೆಯನ್ನು ನಿಧಾನವಾಗಿ ಗೋಡೆಯ ಕಡೆ ತಿರುಗಿಸುತ್ತಿತ್ತು. ಕಿವಿ ನಿಮಿರುತ್ತಿದ್ದವು. ಅಲ್ಲಿ ಇದ್ದದ್ದು ಕೆಂಪು ಕಲ್ಲು, ಒಂದು ಮೊಳೆ, ಮೊಳೆಗೆ ತೂಗುಹಾಕಿದ ನನ್ನ ಕೊಡೆ. ನಾನು ಅದು ನೋಡುತ್ತಿದ್ದುದನ್ನೇ ನೋಡುತ್ತ ಕೂತ ಒಂದು ಸಂಜೆ, ಅದು ಕೇಳುತ್ತಿದ್ದುದು ನನಗೂ ಕೇಳಿಸಿತು. ನಾನು ‘ಕುಂದ್ರು’ ಎಂದೆ. ಮರಿ ಕೂತಿತು. ಗೋಡೆಯ ಆಚೆ ಹಗ್ಗದ ಹೊರಸು ಕಿರ್ ಎಂದಿತು, ಯಾರೋ ಅದರ ಮೇಲೆ ಕೂತ ಹಾಗೆ.

‘ಸಾಕು’ ಎಂದೆ. ಮರಿ ಎದ್ದು ಮೈ ಒದರಿತು. ಆಚೆಯ ಹೊರಸೂ ಹಗುರಾಗಿ ಕಿರುಗುಟ್ಟಿತು.

ಹಳೆಯ ಮನೆಯಲ್ಲಿ ಸದ್ದುಗಳಿಗೆ ಬರವಿಲ್ಲ. ತಗಡು ಬಿಸಿಯಾದರೂ ಸದ್ದು, ತಣ್ಣಗಾದರೂ ಸದ್ದು. ನಾನು ಹಾಗೆಂದು ಬಿಟ್ಟುಬಿಟ್ಟೆ. ಆದರೆ ಮುಂದಿನ ಪಾಠದಲ್ಲೂ ಅದೇ. ಅದರ ಮುಂದಿನದರಲ್ಲೂ. ಒಂದು ಭಾನುವಾರ ಮಧ್ಯಾಹ್ನ ಮರಿ ಹೊಸ್ತಿಲ ಬಿಸಿಲಲ್ಲಿ ಗಾಢ ನಿದ್ದೆಯಲ್ಲಿತ್ತು. ನಾನು ಪುಸ್ತಕ ಮುಚ್ಚಿ ಗೋಡೆಯ ಹತ್ತಿರ ಹೋಗಿ ನಿಂತೆ. ಎದುರು ಯಾರೂ ಇಲ್ಲದೆ, ಕಲ್ಲಿಗೆ, ಅದೇ ದನಿಯಲ್ಲಿ ‘ಕುಂದ್ರು’ ಎಂದೆ.

ಆಚೆ ಬರಿಗಾಲು ನೆಲದ ಫರಸಿ ಕಲ್ಲಿನ ಮೇಲೆ ಸವರಿಕೊಂಡು ಬಂದ ಸದ್ದು. ಬಳೆಯ ಸದ್ದು. ಆಮೇಲೆ ಹೊರಸು.

ಒಂದು ಸಲ ಬಂದ ಫಲಿತಾಂಶವನ್ನು ಪ್ರಯೋಗಾಲಯದಲ್ಲಿ ನಾನು ವಿದ್ಯಾರ್ಥಿಗಳಿಂದ ಒಪ್ಪುವುದಿಲ್ಲ. ಇನ್ನೊಮ್ಮೆ ಮಾಡಿ ತೋರಿಸು ಎನ್ನುತ್ತೇನೆ. ಅಂದು ಇನ್ನೊಮ್ಮೆ ಹೇಳುವ ಧೈರ್ಯ ನನಗಾಗಲಿಲ್ಲ. ಮೆಲ್ಲಗೆ ‘ಸಾಕು’ ಎಂದು ಹೊರಗೆ ಬಂದು ಮರಿಯ ಪಕ್ಕ ಕೂತೆ.

ಕಾಕುವಿನ ಅತ್ತೆಯನ್ನು ನಾನು ಹೆಚ್ಚು ನೋಡಿರಲಿಲ್ಲ. ಆಯಿ ಎಂದು ಕರೆಯುತ್ತಿದ್ದೆ. ಔರಾದ ಕಡೆಯ ಹೆಣ್ಣುಮಗಳು. ನೆನಪು ಹೋಗಿ ಬಹಳ ದಿನವಾಗಿತ್ತು. ಸೊಸೆಯನ್ನು ಗುರುತಿಸುತ್ತಿರಲಿಲ್ಲ. ಸ್ನಾನಕ್ಕೆ, ಊಟಕ್ಕೆ ಯಾರ ಮಾತೂ ಕೇಳುತ್ತಿರಲಿಲ್ಲ. ತುತ್ತು ಬಾಯಿಗಿಟ್ಟರೆ ಉಗುಳುತ್ತಿದ್ದರು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಾಕು ಅದನ್ನು ನನಗೆ ಹೇಳುವಾಗ ಮಾತ್ರ ಯಾರ ದನಿಯನ್ನೂ ತೆಗೆಯದೆ ತಮ್ಮದೇ ದನಿಯಲ್ಲಿ ಹೇಳಿದ್ದರು.

ಆಮೇಲೆ ಭಾಲ್ಕಿಗೆ ಹೋದ ದಿನ ಬಂತು. ಸಂಬಂಧಿಕರ ಮದುವೆ. ಬೆಳಿಗ್ಗೆ ಬಾಗಿಲು ಹಾಕುವಾಗ ಮರಿ ಕಾಲಿಗೆ ಸುತ್ತಿಕೊಂಡಿತು. ‘ನಿಂದ್ರು’ ಎಂದೆ. ನಿಂತಿತು. ಕೀಲಿ ಹಾಕಿ, ತಡವಾಯಿತೆಂದು ಓಡಿದೆ. ‘ಸಾಕು’ ಎನ್ನಲಿಲ್ಲ. ನಾಯಿಮರಿಯ ನೆನಪು ಚಿಕ್ಕದು, ಬಸ್ಸಿನಲ್ಲಿ ಅದು ಹೊಳೆದಾಗಲೂ ನಾನು ಚಿಂತಿಸಲಿಲ್ಲ.

ಅಕ್ಕಿಕಾಳು ಬಿದ್ದೊಡನೆ ಹೊರಟು, ಮಧ್ಯಾಹ್ನದ ಹೊತ್ತಿಗೆ ಮರಳಿ ಬಂದೆ. ಮರಿ ಮಂಚದ ಕೆಳಗೆ ನನ್ನ ಚಪ್ಪಲಿ ಕಡಿಯುತ್ತ ಆರಾಮಾಗಿತ್ತು. ಗೋಡೆಯ ಆಚೆ, ಹಿತ್ತಲ ಕಡೆಯಿಂದ, ಕಾಕುವಿನ ದನಿ ಕೇಳುತ್ತಿತ್ತು.

“ಅತ್ತಿ, ಕಾಲ ಸುಡ್ಲಾಕತ್ತಾವ. ನೆಳ್ಳಿಗಿ ಬರ್ರಿ. ನಿಮ್ಮ ಕಾಲ ಬೀಳ್ತೀನಿ, ಬರ್ರಿ.”

ಹಿತ್ತಲಿನಲ್ಲಿ ಎರಡು ಪಾಲುಗಳ ನಡುವೆ ಒಂದು ಬಾಗಿಲಿತ್ತು, ಯಾವಾಗಲೂ ಚಿಲಕ ಹಾಕಿರುತ್ತಿತ್ತು. ಅದರ ಸಂದಿನಲ್ಲಿ ನೋಡಿದೆ. ಆಯಿ ಬಿಸಿಲಿಗೆ ಕಾದ ಫರಸಿಯ ಮೇಲೆ ನಿಂತಿದ್ದರು. ಕೈ ಎರಡೂ ಪಕ್ಕಕ್ಕೆ, ಮುಖ ನನ್ನ ಗೋಡೆಯ ಕಡೆಗೆ. ಸೀರೆಯ ಅಂಚಿನ ಕೆಳಗೆ ಪಾದಗಳು ಕೆಂಪಾಗಿದ್ದವು. ಕಾಕು ರಟ್ಟೆ ಹಿಡಿದರೆ ಕೊಸರಿಕೊಳ್ಳುತ್ತಿದ್ದರು.

“ಅವ್ವ ನಿಂದ್ರು ಅಂದಾಳ,” ಎಂದರು ಆಯಿ. ಸಣ್ಣ ಹುಡುಗಿಯ ಮಾತಿನ ಹಾಗೆ, ಒಂದಿಷ್ಟು ಹೆಮ್ಮೆಯಿಂದ.

“ಯಾವ ಅವ್ವ್ರಿ? ನಿಮ್ಮವ್ವ ನಿಮ್ಮ ಲಗ್ನಕ್ಕೂ ಇದ್ದಿದ್ದಿಲ್ಲ.”

“ಅವ್ವ ನಿಂದ್ರು ಅಂದಾಳ.”

ನಾನು ಒಳಗೆ ಹೋಗಿ, ಕೊಡೆಯ ಪಕ್ಕ ನಿಂತು, ಗೋಡೆಗೆ ‘ಸಾಕು’ ಎಂದೆ. ಹಿತ್ತಲಲ್ಲಿ ಕಾಕುವಿನ ಮಾತು ಅರ್ಧಕ್ಕೆ ನಿಂತಿತು. ಬರಿಗಾಲಿನ ಸದ್ದು ಒಳಗೆ ಬಂತು. ಹೊರಸು ಕಿರುಗುಟ್ಟಿತು. ಬಾಗಿಲು ಬಡಿದಾಗ ನನಗೆ ಯಾರೆಂದು ಗೊತ್ತಿತ್ತು.

“ಮೇಡಂ, ಈಗ ಏನಂದ್ರಿ ನೀವು?”

ಎಲ್ಲವನ್ನೂ ಹೇಳಿದೆ. ಕೋಣೆ ಖಾಲಿ ಮಾಡಿ ಎನ್ನುತ್ತಾರೆ ಎಂದುಕೊಂಡಿದ್ದೆ. ಕಾಕು ಮರಿಯನ್ನು ನೋಡಿದರು, ಗೋಡೆಯನ್ನು ನೋಡಿದರು.

“ಅದಕ್ಕ ಮತ್ತೇನೇನ ಕಲಿಸೀರಿ?”

“ಬಾ ಅನ್ನೋದು. ಉಣ್ಣು ಅನ್ನೋದು.”

“ಉಣ್ಣು ಅಂದ್ರ ಉಣ್ತದ?”

“ಉಣ್ತದ್ರಿ.”

ಕಾಕು ತಮ್ಮ ಮನೆಗೆ ಹೋದರು. ಆಚೆ ತಾಟು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಮೇಲಿನ ಸಂದಿನಿಂದ ಅವರ ದನಿ ಬಂತು, ಕೇಳಿಸಿಯೂ ಕೇಳಿಸದ ಹಾಗೆ: “ಅನ್ರಿ ಮೇಡಂ.”

ಅಂದೆ. ಮೊದಲು ‘ಕುಂದ್ರು’, ಆಮೇಲೆ ‘ಉಣ್ಣು’. ಸ್ವಲ್ಪ ಹೊತ್ತಿಗೆ ಬಳೆ ತಾಟಿಗೆ ತಾಗುವ ಸದ್ದು, ಹಲ್ಲಿಲ್ಲದ ಬಾಯಿ ಅಗಿಯುವ ಸದ್ದು. ಕಾಕು ಅಳುತ್ತಿದ್ದರೋ ನಗುತ್ತಿದ್ದರೋ ಗೋಡೆಯ ಈಚೆಯಿಂದ ತಿಳಿಯಲಿಲ್ಲ.

ಅಂದಿನಿಂದ ಅದು ನನ್ನ ದಿನಚರಿಯಾಯಿತು. ಬೆಳಿಗ್ಗೆ, ಸಂಜೆ ಮರಿಯ ಬಟ್ಟಲನ್ನು ಈಚೆ ಇಡುತ್ತಿದ್ದೆ, ಕಾಕು ತಾಟನ್ನು ಆಚೆ ಇಡುತ್ತಿದ್ದರು. ನಾನು ಒಂದೇ ಸಲ ಹೇಳುತ್ತಿದ್ದೆ. ಗೋಡೆಯ ಎರಡೂ ಕಡೆ ಒಟ್ಟಿಗೇ ಊಟ ಶುರುವಾಗುತ್ತಿತ್ತು. ನಾನು ಮಧ್ಯೆ ನಿಂತು ಎರಡು ಬಾಯಿಗಳ ಸದ್ದು ಕೇಳುತ್ತಿದ್ದೆ. ‘ಸಾಕು’ ಎನ್ನುವವರೆಗೆ ಆಚೆ ಯಾರೂ ಏಳುತ್ತಿರಲಿಲ್ಲ. ಆಯಿಯ ಕೆನ್ನೆ ತುಂಬಿಕೊಂಡಿತು ಎಂದು ಕಾಕು ಹೇಳಿದರು. ಡಾಕ್ಟರು ನಳಿಗೆಯ ಮಾತು ಬಿಟ್ಟರು. ಓಣಿಯಲ್ಲಿ ನನ್ನನ್ನು ಕಂಡರೆ ಕಾಕು ಬೆಲ್ಲವೋ ಶೇಂಗಾವೋ ಏನಾದರೂ ಒಂದನ್ನು ಕೈಗೆ ತುರುಕದೆ ಬಿಡುತ್ತಿರಲಿಲ್ಲ.

ಒಬ್ಬ ಹಿರಿಯರ ಜೊತೆ ನಾಯಿಗೆ ಆಡಿದ ಹಾಗೆ, ಗೋಡೆಯ ಮರೆಯಿಂದ, ಮಾತಾಡುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಒಂದು ದಿನ ಆಚೆಗೇ ಹೋದೆ. ಆಯಿ ಹೊರಸಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಸೆರಗು. ನಾನು ನೆಲದ ಮೇಲೆ ಕೂತು, ತಾಟನ್ನು ಅವರ ಹತ್ತಿರ ಸರಿಸಿ, ಊಟ ಮಾಡಿರೆಂದು ಕೇಳಿಕೊಂಡೆ. ಅವರು ನನ್ನನ್ನು ಮರ್ಯಾದೆಯಿಂದ ನೋಡಿದರು.

“ಯಾರ ಪೈಕಿ ಆದ್ರಿ ನೀವು?”

“ಬಾಜೂ ಮನ್ಯಾಗ ಇರ್ತೇನಿ ಆಯಿ. ಜರಾ ಉಣ್ರಿ.”

ಅವರು ತಾಟಿನ ಕಡೆ ನೋಡಲೇ ಇಲ್ಲ. ಬಾಗಿ, ನನ್ನ ಕಿವಿಯ ಹತ್ತಿರ ಬಂದು, ಗೋಡೆಯ ಕಡೆ ಬೆರಳು ಮಾಡಿದರು. ಕೆಂಪು ಕಲ್ಲಿನ ಮೇಲೆ ಒಂದು ಕಡೆ, ಸೊಂಟದೆತ್ತರಕ್ಕೆ, ಉಜ್ಜಿ ಉಜ್ಜಿ ನುಣುಪಾದ ಜಾಗವಿತ್ತು.

“ಸಣ್ಣ ದನಿ ತಗೀರಿ. ಆಚಿ ನಮ್ಮವ್ವ ಅದಾಳ. ಆಕಿ ಅನ್ನೂತನಕಾ ಉಣಬಾರ್ದು.”

“ನಿಮ್ಮವ್ವ ಹ್ಯಾಂಗ ಅದಾರ್ರಿ?” ಎಂದು ಕೇಳಿದೆ. ಯಾಕೆ ಕೇಳಿದೆನೋ.

“ಕಾಣಂಗಿಲ್ಲ,” ಎಂದರು ಆಯಿ. “ಕಾಣವಲ್ಲಳು. ಒಮ್ಮಿನೂ ಮಾರಿ ತೋರ್ಸಿಲ್ಲ.”

ನಾನು ಎದ್ದು ಈಚೆ ಬಂದು ‘ಉಣ್ಣು’ ಎಂದೆ. ಅವರು ಉಂಡರು.

ಅಲ್ಲಿಂದ ನನ್ನ ಕೋಣೆಯಲ್ಲಿ ನನಗೆ ಮಾತೇ ಭಾರವಾಯಿತು. ಪುಸ್ತಕ ಬಿದ್ದರೆ, ಹಾಲು ಉಕ್ಕಿದರೆ ಬಾಯಿಗೆ ಬರುವ ಮಾತನ್ನೂ ನುಂಗುತ್ತಿದ್ದೆ. ಫೋನು ಬಂದರೆ ಓಣಿಗೆ ಹೋಗುತ್ತಿದ್ದೆ. ಒಂದು ಸಂಜೆ ಮರೆತೆ. ಅಮ್ಮ ಫೋನಿನಲ್ಲಿ ಬೀದರಿಗೆ ಬರುವುದೋ ಬೇಡವೋ ಎಂದು ಅನುಮಾನ ಮಾಡುತ್ತಿದ್ದಳು. ನಾನು ಒಲೆಯ ಮುಂದೆ ನಿಂತು, ಬಾ ಎಂದೆ. ಎರಡು ಸಲ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಹಿತ್ತಲ ಬಾಗಿಲಿನಿಂದ ಸದ್ದು ಬಂತು. ಉಗುರು ಮರಕ್ಕೆ ಉಜ್ಜುವ ಸದ್ದು, ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ, ಅವಸರವಿಲ್ಲದೆ. ಮರಿ ಬಾಗಿಲ ಮುಂದೆ ಹೋಗಿ ಕೂತಿತ್ತು, ಬೊಗಳಲಿಲ್ಲ. ಚಿಲಕ ನನ್ನ ಕಡೆಯೂ ಇತ್ತು. ತೆಗೆದರೆ ಆಯಿ ನನ್ನ ಮುಖ ನೋಡುತ್ತಿದ್ದರು, ಪಕ್ಕದ ಮನೆಯವಳು ಎನ್ನುತ್ತಿದ್ದರು, ಅವರ ಅವ್ವ ಆ ಕ್ಷಣಕ್ಕೇ ಇಲ್ಲವಾಗುತ್ತಿದ್ದಳು. ಇನ್ನು ತಾಟಿನ ಮುಂದೆ ಕೂರುವುದೂ ನಿಲ್ಲುತ್ತಿತ್ತು. ನಾನು ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. ‘ಸಾಕು’ ಎಂದಾಗ ಉಗುರು ನಿಂತಿತು.

ಮೇ ತಿಂಗಳ ಭಾನುವಾರಗಳಲ್ಲಿ, ಆಯಿಯ ಎರಡು ಊಟಗಳ ನಡುವೆ, ಮಾವನ ಬಳಿಗೆ ಹೋಗಿಬಂದೆ, ಮರಿಯನ್ನೂ ಕರೆದುಕೊಂಡು. ಅದಕ್ಕೆ ಕೈಸನ್ನೆ ಕಲಿಸಿಕೊಡಿ ಎಂದೆ. ಅಂಗೈ ಕೆಳಗೆ ಮಾಡಿದರೆ ಕೂರುವುದು, ಎದೆಗೆ ತಂದರೆ ಬರುವುದು, ನಾಲಿಗೆ ಅಂಗುಳಕ್ಕೆ ಬಡಿದರೆ ತಿರುಗಿ ನೋಡುವುದು. ಮಾತು ಕಲಿತ ನಾಯಿಗೆ ಅದನ್ನು ಬಿಡಿಸುವುದು ಕಷ್ಟ ಎಂದು ಮಾವ ಗೊಣಗುತ್ತಲೇ ಕಲಿಸಿದರು. ನಾನು ಆಯಿಯ ವಿಷಯ ಹೇಳಿದೆ. ಅವರು ಬೀಡಿ ಆರಿಸಿದರು.

“ನಾ ಕಳ್ಳರ ಸಲುವಾಗಿ ಹೇಳಿದ್ನಿ ತಂಗಿ. ಹಿಂಗ ಆಗ್ತದಂತ ನನಗೂ ಗೊತ್ತಿದ್ದಿಲ್ಲ.”

“ನಾ ಜೂನ್‌ದಾಗ ಔರಾದಕ್ಕ ಹೋಗ್ಬೇಕು ಮಾಮಾ. ಅಲ್ಲಿ ಕಾಲೇಜಿನ್ಯಾಗ ಕೆಲಸ ಆಗ್ಯಾದ.”

“ಹಂಗಾದ್ರ ಎತ್ತಿ ಹೋಗು. ಹಾಸಿದಾಕಿ ನೀನ.”

ಎತ್ತಿ ಹೋದರೆ ಆಯಿ ಉಣ್ಣುವುದಿಲ್ಲ. ಎತ್ತದೆ ಹೋದರೆ ಹೊರಸಿನ ಮೇಲೆ ಕೂತೇ ಇರುತ್ತಾರೆ. ಯಾವುದು ಸರಿ ಎಂದು ನಾನು ಕೇಳಲಿಲ್ಲ. ಮಾವನಿಗೂ ಗೊತ್ತಿರಲಿಲ್ಲ.

ಕಾಕುವಿಗೆ ಹೇಳಿದಾಗ ಅವರು ಅಂಗಡಿಯಲ್ಲಿ ಬೇಳೆ ತೂಗುತ್ತಿದ್ದರು. ತಕ್ಕಡಿಯಿಂದ ಕೈ ತೆಗೆಯದೆ, “ನಿಮ್ಮ ದನಿ ಫೋನಿನ್ಯಾಗ ತುಂಬಿ ಕೊಟ್ಟು ಹೋಗ್ರಿ,” ಎಂದರು. “ನಾಕ್ ಮಾತ. ಹೊತ್ತಿಗಿ ಸರಿಯಾಗಿ ನಾ ಹಚ್ತೀನಿ.”

“ಬ್ಯಾಡ್ರಿ ಕಾಕು.”

“ನಿಮ್ದೇನ ಹೋಗ್ತದ್ರಿ ಅದರಾಗ?”

ನಾನಿಲ್ಲದ ಕೋಣೆಯಲ್ಲಿ ನನ್ನ ದನಿ ಹೊತ್ತು ಹೊತ್ತಿಗೆ ಎದ್ದು ಒಬ್ಬರನ್ನು ಕೂರಿಸುವುದು, ನಾನು ಔರಾದದಲ್ಲಿ ನಿದ್ದೆ ಮಾಡುತ್ತಿರುವಾಗಲೂ ಜ್ವರ ಬಂದು ಮಲಗಿರುವಾಗಲೂ ಅದು ತನ್ನ ಕೆಲಸ ತಾನು ಮಾಡುತ್ತಿರುವುದು, ಇದನ್ನು ಅಂಗಡಿಯ ಮುಂದೆ ನಿಂತು ಹೇಗೆ ಹೇಳುವುದು. ಮತ್ತೆ ಬ್ಯಾಡ್ರಿ ಎಂದೆ. ಕಾಕು ಬೇಳೆಯ ಪೊಟ್ಟಣ ಕಟ್ಟಿದರು. ಆ ದಿನ ನನ್ನ ಕೈಗೆ ಏನೂ ತುರುಕಲಿಲ್ಲ. ಆದರೆ ಹೊರಡುವವರೆಗಿನ ಪ್ರತಿ ಊಟದ ಹೊತ್ತಿಗೂ ಅವರು ಆಚೆಯಿಂದ ಈಚೆಗೆ ಬಂದು ನನ್ನ ಹೊಸ್ತಿಲಲ್ಲಿ ಕೂರುತ್ತಿದ್ದರು. ನಾನು ಗೋಡೆಗೆ ಮಾತಾಡುವುದನ್ನು, ಮಾತಿನ ಮೊದಲು ಉಸಿರು ತೆಗೆದುಕೊಳ್ಳುವುದನ್ನು, ನೋಡುತ್ತಿದ್ದರು. ಹೋಗುವವಳ ಮೇಲೆ ಮುನಿಸು ಇಳಿಯಿತೆಂದು ನಾನು ತಿಳಿದೆ.

ಹೊರಟ ಬೆಳಿಗ್ಗೆ ಗೋಡೆಯ ಮುಂದೆ ನಿಂತು ಕೊನೆಯ ಸಲ ‘ಸಾಕು’ ಎಂದೆ. ಆಚೆಯಿಂದ ಯಾವ ಸದ್ದೂ ಬರಲಿಲ್ಲ. ಪುಸ್ತಕದ ಟ್ರಂಕನ್ನು ಆಮೇಲೆ ಒಯ್ಯುತ್ತೇನೆಂದು ಅಲ್ಲೇ ಬಿಟ್ಟೆ.

ಔರಾದದಲ್ಲಿ ನನ್ನ ಮನೆಗೆ ಅಂಟಿದ ಗೋಡೆಗಳಿಲ್ಲ. ಸುತ್ತ ಬಯಲು. ಮರಿ ಅಲ್ಲಿಯೇ ನಾಯಿಯಾಯಿತು. ಮಳೆಗಾಲ ದಾಟಿದರೂ ಹೆಸರಿಡಲು ಮನಸ್ಸಾಗಲಿಲ್ಲ. ಅಂಗೈ ತೋರಿಸಿದರೆ ಕೂರುತ್ತದೆ, ಎದೆಗೆ ಕೈ ತಂದರೆ ಬರುತ್ತದೆ. ಒಂದು ಮಾತನ್ನೂ ಹೇಳದೆ ದಿನಗಳು ಹೋಗುತ್ತಿದ್ದವು. ಹಳೆಯ ಮಾತುಗಳನ್ನು ಅದು ಮರೆತಿದೆ ಎಂದೇ ತಿಳಿದಿದ್ದೆ. ಪರೀಕ್ಷಿಸಿ ನೋಡಿರಲಿಲ್ಲ. ಕಾಕುವಿಗೆ ಫೋನು ಮಾಡಲು ಬಹಳ ದಿನ ಹೆದರಿದೆ. ಕೊನೆಗೆ ಮಾಡಿದಾಗ ಅವರ ಒಡೆದ ಗಂಟಲು ಖುಷಿಯಾಗಿತ್ತು.

“ಆಯಿ ಛಲೋ ಅದಾಳ್ರಿ ಮೇಡಂ. ಉಣ್ತಾಳ್ರಿ.”

“ಹ್ಯಾಂಗ್ರಿ ಕಾಕು?”

“ಹ್ಯಾಂಗೋ ಉಣ್ತಾಳ್ರಿ. ನೀವು ಫಿಕರ್ ಮಾಡಬ್ಯಾಡ್ರಿ.”

ದಸರಾ ರಜೆಯಲ್ಲಿ ಟ್ರಂಕ್ ತರಲು ಪರಿಚಯದವರ ಟಂಟಂ ಗಾಡಿಯಲ್ಲಿ ಬೀದರಿಗೆ ಹೋದೆ. ನಾಯಿಯೂ ಜೊತೆಗಿತ್ತು. ಗಾಡಿ ಓಣಿಯ ಒಳಗೆ ಹೋಗುವುದಿಲ್ಲ. ಚಾಲಕ ತುದಿಯಲ್ಲೇ ನಿಲ್ಲಿಸಿದ. ಅಂಗಡಿಗೆ ಬಾಗಿಲು ಹಾಕಿತ್ತು. ಊಟದ ಹೊತ್ತು. ನನ್ನ ಹಳೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕೋಣೆಯನ್ನು ಬೇರೆ ಯಾರಿಗೂ ಕೊಟ್ಟಿಲ್ಲವೆಂದು ಕಾಕು ಹೇಳಿದ್ದರು. ನಾನು ಮೆಟ್ಟಿಲ ಹತ್ತಿರ ಬಂದಿದ್ದೆ, ಚಪ್ಪಲಿ ಇನ್ನೂ ಬಿಟ್ಟಿರಲಿಲ್ಲ.

ಒಳಗಿನಿಂದ ನಾನು ‘ಕುಂದ್ರು’ ಎಂದೆ.

ಹಾಗೆಂದೇ ನನಗೆ ಅನಿಸಿತು, ಬೇರೆ ರೀತಿಯಲ್ಲಿ ಬರೆಯಲು ಬರುವುದಿಲ್ಲ. ತಗ್ಗಿದ, ಏರಿಳಿತವಿಲ್ಲದ, ಕೊನೆಯ ಅಕ್ಷರವನ್ನು ಸ್ವಲ್ಪ ನುಂಗುವ ಅದೇ ದನಿ. ನನ್ನ ಬಾಯಿ ಮುಚ್ಚಿತ್ತು. ಕಾಲ ಬಳಿ ನಾಯಿ ಕೂತಿತು. ನನ್ನ ಕಡೆ ನೋಡಿತು, ಆಮೇಲೆ ತಲೆಯನ್ನು ನಿಧಾನವಾಗಿ ಬಾಗಿಲ ಕಡೆ ತಿರುಗಿಸಿತು.

ಕಾಕು ನನ್ನ ಟ್ರಂಕಿನ ಮೇಲೆ ಕೂತಿದ್ದರು. ಬೆನ್ನು ನೇರ, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮುಖ ಗೋಡೆಗೆ. ಅವರ ತುಟಿ ಅಲುಗಾಡುವುದು ಪಕ್ಕದಿಂದ ಕಾಣುತ್ತಿತ್ತು. ‘ಉಣ್ಣು’ ಎಂದಿತು ಆ ದನಿ. ಆಚೆ ಬಳೆ ತಾಟಿಗೆ ತಾಗಿತು.

ಅವರು ನನ್ನನ್ನು ಕಂಡದ್ದು ಆಗ. ಗಾಬರಿಯಾಗಲಿಲ್ಲ, ನಾಚಲೂ ಇಲ್ಲ. ಬೆರಳನ್ನು ತುಟಿಗೆ ಒತ್ತಿ ಹಿಡಿದರು. ಯಾಕೆಂದು ನನಗೂ ಅರ್ಥವಾಯಿತು. ನಾನು ಅಲ್ಲಿ ಒಂದು ಮಾತಾಡಿದರೆ ಗೋಡೆಯ ಈಚೆ ಇಬ್ಬರಾಗುತ್ತಿದ್ದೆವು.

ಕಾಕು ಎದ್ದು ಟ್ರಂಕನ್ನು ತೋರಿಸಿದರು. ಆ ಕಡೆಯ ಹಿಡಿಯನ್ನು ಅವರು ಹಿಡಿದರು, ಈ ಕಡೆಯದನ್ನು ನಾನು. ಎತ್ತುವಾಗ ತಗಡು ಫರಸಿಗೆ ಉಜ್ಜಿತು. ನಾಯಿಯ ಉಗುರೂ ಸದ್ದು ಮಾಡಿರಬೇಕು. ಆಚೆ ಅಗಿಯುವ ಸದ್ದು ನಿಂತಿತು.

“ಅವ್ವಾ,” ಎಂದರು ಆಯಿ. “ಯಾರ ಬಂದಾರ?”

ಕಾಕು ನನ್ನ ಕಣ್ಣನ್ನೇ ನೋಡುತ್ತ, ಹಿಡಿಯನ್ನು ಬಿಡದೆ, ನನ್ನ ದನಿಯಲ್ಲಿ ಉತ್ತರ ಕೊಟ್ಟರು.

“ಯಾರೂ ಇಲ್ಲ. ಉಣ್ಣು.”

ಆಚೆ ಮತ್ತೆ ಊಟ ಶುರುವಾಯಿತು. ನಾವು ಟ್ರಂಕನ್ನು ಹೊಸ್ತಿಲು ದಾಟಿಸಿ ಮೆಟ್ಟಿಲ ಕೆಳಗೆ ಇಟ್ಟೆವು. ಕಾಕು ಸೊಂಟದಿಂದ ಸೆರಗು ಬಿಡಿಸಿ ಮುಖ ಒರೆಸಿಕೊಂಡರು. ಅದರ ತುದಿಯ ಗಂಟಿನಿಂದ ಒಂದು ತುಂಡು ಬೆಲ್ಲ ತೆಗೆದು ನನ್ನ ಕೈಗೆ ತುರುಕಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅವರಿಗಿನ್ನೂ ಕೆಲಸ ಉಳಿದಿತ್ತು. ನಾಯಿ ಮೆಟ್ಟಿಲ ಹತ್ತಿರವೇ ಕೂತಿತ್ತು. ಕೈಯನ್ನು ಎದೆಗೆ ತಂದೆ. ಅದು ಬರಲಿಲ್ಲ. ಇನ್ನೊಮ್ಮೆ ತಂದೆ. ನನ್ನನ್ನು ನೋಡುತ್ತ ಕೂತೇ ಇತ್ತು. ನಾನೂ ಕಾದೆ. ಒಳಗಿನಿಂದ ‘ಸಾಕು’ ಎಂದು ಕೇಳಿಸಿದ ಮೇಲೆ ಎದ್ದು, ಮೈ ಒದರಿ, ನನ್ನ ಹಿಂದೆ ಬಂತು.

ಚಾಲಕ ಟ್ರಂಕನ್ನು ಗಾಡಿಗೆ ಏರಿಸಿ, ಹಗ್ಗ ಬಿಗಿದ.

“ಎಲ್ಲಾ ಆತೇನ್ರಿ ಮೇಡಂ? ಹೊಡೀಲೇನು?”

ನಾಯಿ ನನ್ನ ಪಕ್ಕ ಹತ್ತಿ ಕೂತಿತ್ತು. ಓಣಿ ಇನ್ನೂ ಹತ್ತಿರದಲ್ಲೇ ಇತ್ತು. ನಾನು ಕೈಯಿಂದಲೇ ರಸ್ತೆ ತೋರಿಸಿದೆ.